ಯೋಜನೆ ಬಂತು ಅಂದ್ರ ಚಪ್ಪಾಳಿ ಹೊಡಿಯೂಕಿಂತ ಮೊದಲ ಏನೇನ್ ನೋಡಬೇಕು

ಸರ್ಕಾರ ಛಲೋ ಐತೋ ಕೆಟ್ಟೈತೋ ಅನ್ನೋ ವಾದ ನಮ್ಮ ಕಡೆ ಚಾದಂಗಡಿ ಮುಂದ ದಿನಾ ನಡೀತೈತಿ, ನಡೀಲಿ ಬಿಡ್ರಿ, ಆದ್ರ ಆ ವಾದದಿಂದ ಉತಾರದಾಗಿನ (ಪಹಣಿಯಾಗಿನ) ಒಂದು ಗುಂಟೆನೂ ಉಳಿಯೂದಿಲ್ಲ, ಕಬ್ಬಿನ ಬಿಲ್ಲೂ ಲಗೂ ಬರೂದಿಲ್ಲ. ಇಲ್ಲಿ ಹೇಳೂದು ಬ್ಯಾರೆ. ಒಂದು ಯೋಜನೆ, ಇಲ್ಲಾ ಒಂದು ಕಾಯ್ದೆ, ಇಲ್ಲಾ ಒಂದು ಆದೇಶ ನಿಮ್ಮೂರಿಗೆ ಬಂತು ಅಂದ್ರ ಅದರಿಂದ ಯಾರಿಗೆ ಲಾಭ, ಯಾರಿಗೆ ಪೆಟ್ಟು, ಪೆಟ್ಟು ನಿಮಗ ಬೀಳೂದಿದ್ರ ಎಲ್ಲಿ ಯಾವಾಗ ಬಾಯಿ ಬಿಡಬೇಕು ಅನ್ನೋದನ್ನ ಹೆಂಗ ಪತ್ತೆ ಹಚ್ಚೂದು ಅಂತ. ನಾ ನೋಡಿದ ಮಟ್ಟಿಗೆ ಇದೆಲ್ಲಾ ತೀರ್ಮಾನ ಆಗೂದು ಮೂರು ಸಣ್ಣ ಜಾಗದಾಗ: ಪಟ್ಟಿಯೊಳಗ ಯಾರ ಹೆಸರು ಐತಿ, ಕಡೀ ತಾರೀಖು ಯಾವುದು, ರೇಟು ಹೆಂಗ ಲೆಕ್ಕ ಹಾಕ್ಯಾರ. ಭಾಷಣ ಕೇಳಾಕ ಸಾವಿರ ಮಂದಿ ಬರ್ತಾರ, ಪಟ್ಟಿ ಓದಾಕ ನಾಕ ಮಂದಿ ಬರೂದಿಲ್ಲ, ಅಲ್ಲೇ ನೋಡ್ರಿ ನಮ್ಮ ಸಮಸ್ಯಾ ಸುರು ಆಗೂದು.

ಬೆಳಗಾವಿ, ಬಾಗಲಕೋಟಿ, ವಿಜಯಪುರದವ್ರಿಗೆ ಇದನ್ನ ಯಾರೂ ಹೊಸದಾಗಿ ಕಲಸಬೇಕಾಗಿಲ್ಲ. ಒಂದೇ ಆಲಮಟ್ಟಿ ಡ್ಯಾಮು ವಿಜಯಪುರದ ಒಣ ಹೊಲಕ್ಕ ನೀರು ಕೊಟ್ಟೈತಿ, ಬತ್ತಿ ಹೋಗಿದ್ದ ಕೆರಿ ತುಂಬಸೈತಿ, ಅದೇ ಡ್ಯಾಮು ಹಳೇ ಬಾಗಲಕೋಟಿಯ ಓಣಿ ಓಣಿನ ನುಂಗೈತಿ. ಎರಡೂ ಖರೇ. ಒಂದನ್ನ ಅಷ್ಟ ಹೇಳಾಂವ ಮತ ಕೇಳಾಕ ಬಂದಾಂವ ಅಂತ ತಿಳ್ಕೊರಿ.

ಮೊದಲ ಕಾಗದ ತರಸ್ರಿ

ಪೇಪರನ್ಯಾಗ ಬಂದ ಸುದ್ದಿ, ವಾಟ್ಸಾಪಿನ್ಯಾಗ ಬಂದ ಫೋಟೋ, ಲೀಡರ್ ಹೇಳಿದ ಮಾತು, ಇದು ಯಾವುದೂ ಯೋಜನೆ ಅಲ್ಲ. ಯೋಜನೆ ಅಂದ್ರ ಸರ್ಕಾರಿ ಆದೇಶ, ನಂಬರ್ ಮತ್ತ ತಾರೀಖು ಇರೋದು. ಮೊದಲ ಪುಟದಾಗ ಪೀಠಿಕೆ ಇರತೈತಿ, ಅದನ್ನ ಬಿಟ್ಟು ಸೀದಾ ‘ಷರತ್ತುಗಳು’ ಅನ್ನೋ ಜಾಗಕ್ಕ ಹೋಗ್ರಿ, ಕಡೀಕ ಅನುಬಂಧ ನೋಡ್ರಿ, ಯಾಕಂದ್ರ ಪೀಠಿಕೆಯೊಳಗ ಎಲ್ಲಾರಿಗೂ ಕೊಡ್ತಾರ, ಷರತ್ತಿನ್ಯಾಗ ಒಬ್ಬೊಬ್ಬರನ್ನ ತಗೀತಾರ. ಗೃಹಲಕ್ಷ್ಮಿನ ತಗೋರಿ, ತಿಂಗಳಿಗೆ 2000 ರೂಪಾಯಿ ‘ಮಹಿಳೆಯರಿಗೆ’ ಅಂತ ಎಲ್ಲಾರೂ ಹೇಳಿದ್ರು, ಆದೇಶದಾಗ ಇದ್ದದ್ದು ರೇಷನ್ ಕಾರ್ಡಿನ್ಯಾಗ ಮನಿ ಯಜಮಾನಿ ಅಂತ ಯಾರ ಹೆಸರು ಐತೋ ಆಕಿಗೆ, ಅದೂ ಆಕಿ ಇಲ್ಲಾ ಆಕಿ ಗಂಡ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟೂವ್ರು ಇರಬಾರದು. ಈ ಒಂದು ಸಾಲಿನ ಸಲುವಾಗಿ ಎಷ್ಟು ಮನ್ಯಾಗ ಅತ್ತಿ ಸೊಸಿ ನಡಕ ಮಾತು ಬೆಳೆದಾವ ಅನ್ನೋದು ಆದೇಶ ಬರೆದ ಸಾಹೇಬ್ರಿಗೆ ಗೊತ್ತಿರಲಿಕ್ಕಿಲ್ಲ.

ಕಾಗದ ಎಲ್ಲಿ ಸಿಗತೈತಿ ಅಂದ್ರ, ಆಯಾ ಇಲಾಖೆ ವೆಬ್‌ಸೈಟಿನ್ಯಾಗ ಹಾಕ್ತಾರ, ಇಲ್ಲಾಂದ್ರ ಪಂಚಾಯ್ತಿ ಪಿಡಿಓ ಕಡೆ, ತಾಲೂಕಾ ಕಚೇರಿಯೊಳಗ ಕೇಳ್ರಿ. ‘ಇನ್ನೂ ಬಂದಿಲ್ರಿ’ ಅಂತ ಅಂದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ, ಹೆಂಗಂತ ಕೆಳಗ ಹೇಳ್ತೀನಿ.

ಅಧಿಕಾರ ಯಾರ ಕೈಯಾಗ ಐತಿ

ತಪ್ಪು ಬಾಗಲಾ ಬಡದ್ರ ದಿನಾ ಹೋಗತಾವ, ಬಾಗಲಾ ತಗಿಯೂದಿಲ್ಲ. ಕಬ್ಬು ಇದಕ್ಕ ಪಕ್ಕಾ ಉದಾಹರಣೆ. ಎಫ್‌ಆರ್‌ಪಿ ಅಂತ ಏನ್ ಅಂತೀವಿ, ಕಾರ್ಖಾನಿ ರೈತಗ ಕೊಡಲೇಬೇಕಾದ ಕನಿಷ್ಠ ಕಬ್ಬಿನ ರೇಟು, ಅದನ್ನ ಠರಸೂದು ದಿಲ್ಲಿ. ಸಕ್ಕರಿ ಹೊರದೇಶಕ್ಕ ಕಳಸಬೇಕೋ ಬ್ಯಾಡೋ, ಸಕ್ಕರಿ ಕಿಲೋಕ್ಕ ಕನಿಷ್ಠ ಎಷ್ಟಕ್ಕ ಮಾರಬೇಕು, ಎಥೆನಾಲ್‌ಗೆ ಕಬ್ಬಿನ ರಸ ಬಳಸಬಹುದೋ ಇಲ್ಲೋ, ಇದೂ ದಿಲ್ಲಿನ. 2023ರ ಡಿಸೆಂಬರ್‌ನ್ಯಾಗ ಒಮ್ಮಿಂದೊಮ್ಮೆ ಕಬ್ಬಿನ ರಸದಿಂದ ಎಥೆನಾಲ್ ಮಾಡೂದಕ್ಕ ತಡೆ ಹಾಕಿದ್ರು, ಸಕ್ಕರಿ ದರ ಏರಬಾರದು ಅಂತ, ಪ್ಯಾಟಿಯಾಗ ಸಕ್ಕರಿ ಕೊಳ್ಳೂವ್ರಿಗೆ ಅದು ಛಲೋ, ಎಥೆನಾಲ್ ನಂಬಿ ಸಾಲಾ ಮಾಡಿ ಘಟಕ ಕಟ್ಟಿದ ಕಾರ್ಖಾನಿಗೆ ಪೆಟ್ಟು, ಕಾರ್ಖಾನಿಗೆ ಪೆಟ್ಟು ಬಿದ್ರ ಅದು ರೈತನ ಬಿಲ್ಲಿಗೇ ಬಂದು ನಿಂದ್ರತೈತಿ.

ರೇಟಿನ ಲೆಕ್ಕ ಇನ್ನೂ ಗಮ್ಮತ್ ಐತಿ. 2025-26ರ ಹಂಗಾಮಿಗೆ ಎಫ್‌ಆರ್‌ಪಿ ಕ್ವಿಂಟಲ್ಲಿಗೆ 355 ರೂಪಾಯಿ, ಅಂದ್ರ ಟನ್ನಿಗೆ 3550. ಅದೇ ವರ್ಷ ನವೆಂಬರ್‌ನ್ಯಾಗ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನ್ಯಾಗ ರೈತರು ಕುಂತಿದ್ದು 3500 ಬೇಕು ಅಂತ. ದೂರದಿಂದ ನೋಡಿದಾಂವ ‘ಸರ್ಕಾರ 3550 ಕೊಟ್ಟೈತಿ, ಇವ್ರು 3500 ಕೇಳ್ತಾರ, ತಲಿ ಸರಿ ಐತಿಲ್ಲ’ ಅಂತಾನ. ಹಂಗಲ್ಲ. 3550 ಅನ್ನೋದು 10.25 ಇಳುವರಿಗೆ (ನೂರು ಕಿಲೋ ಕಬ್ಬಿನ್ಯಾಗ 10.25 ಕಿಲೋ ಸಕ್ಕರಿ ಬಂದ್ರ), ಮತ್ತ ಅದು ಕಾರ್ಖಾನಿ ಗೇಟಿನ ರೇಟು, ಅದರಾಗ ಕಟಾವು ಮತ್ತ ಸಾಗಾಣಿಕೆ ಖರ್ಚು ಮುರ್ಕೋತಾರ. ರೈತರು ಕೇಳಿದ 3500 ಆ ಖರ್ಚು ಬಿಟ್ಟು ಕೈಗೆ ಸಿಗೂ ರೊಕ್ಕ. ಕಡೀಕ ರಾಜ್ಯ ಸರ್ಕಾರ ನಡಕ ಬಂದು 3300ಕ್ಕ ಬಂದು ನಿಂತಿತು, ಅದರಾಗ 50 ಸರ್ಕಾರದ್ದು, ಅದೂ 11.25 ಇಳುವರಿಗೆ. ಹಿಂಗಾಗಿ ಯಾರಾದ್ರೂ ರೇಟು ಹೇಳಿದ್ರ ಎರಡು ಪ್ರಶ್ನಿ ಕೇಳ್ರಿ, ಎಷ್ಟು ಇಳುವರಿಗೆ, ಮತ್ತ ಕಟಾವು-ಸಾಗಾಣಿಕೆ ಹಿಡಿದೋ ಬಿಟ್ಟೋ. ಈ ಎರಡು ಗೊತ್ತಿಲ್ಲದ ರೇಟಿಗೆ ಖುಷಿ ಪಡಬ್ಯಾಡ್ರಿ, ಸಿಟ್ಟಿಗೂ ಏಳಬ್ಯಾಡ್ರಿ.

ಆದ್ರ ದಿಲ್ಲಿ ಮಾಡಿದ ಕಾನೂನ್ಯಾಗ ನಿಮ್ಮ ಪರ ಇರೋ ಸಾಲೂ ಅದಾವ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗ ಬಿಲ್ ಕೊಡಬೇಕು, ತಡಾ ಆದ್ರ ವರ್ಷಕ್ಕ ನೂರಕ್ಕ 15ರಂಗ ಬಡ್ಡಿ. ಈ ಬಡ್ಡಿ ಕೇಳಿದವ್ರು ಎಷ್ಟು ಮಂದಿ? ಕೇಳಬೇಕಂದ್ರ ತೂಕದ ಚೀಟಿ, ತಾರೀಖು ಇರೋ ಚೀಟಿ, ಬ್ಯಾಂಕಿಗೆ ರೊಕ್ಕ ಬಿದ್ದ ದಿನದ ಪಾಸ್‌ಬುಕ್ ಎಂಟ್ರಿ, ಇಷ್ಟು ಇರಬೇಕು. ಚೀಟಿ ಟ್ರ್ಯಾಕ್ಟರ್ ಡ್ರೈವರನ ಕಿಸೇದಾಗ ಇತ್ತು, ತೊಳದ ಹೋತು ಅಂದ್ರ ಕಾನೂನು ಏನ್ ಮಾಡೀತು.

ಪಟ್ಟಿಯೊಳಗ ಹೆಸರು

2019ರ ಆಗಸ್ಟ್‌ನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆ ತುಂಬಿ ಬಂದಾಗ ಮನಿ ಹಾನಿನ ಎ, ಬಿ, ಸಿ ಅಂತ ಹಂಚಿದ್ರು. ಎ ಅಂದ್ರ ಪೂರ್ತಿ ಬಿದ್ದ ಮನಿ, 5 ಲಕ್ಷ. ಸಿ ಅಂದ್ರ ಸ್ವಲ್ಪ ಹಾನಿ, 50 ಸಾವಿರ. ಒಂದು ಅಕ್ಷರದಾಗ ಎಷ್ಟು ಫರಕ್ ಐತಿ ನೋಡ್ರಿ. ಆ ಅಕ್ಷರ ಬರಿಯಾಂವ ನಿಮ್ಮ ಮನಿ ಮುಂದ ಐದು ನಿಮಿಷ ನಿಂತು ಹೋಗ್ತಾನ. ಮಣ್ಣಿನ ಗ್ವಾಡಿ ನೀರು ಇದ್ದಾಗ ನಿಂತಿರತೈತಿ, ಬಿಸಲು ಬಿದ್ದ ಮ್ಯಾಲ ವಾರ ಬಿಟ್ಟು ಕುಸೀತೈತಿ, ಸರ್ವೇ ಅಷ್ಟರಾಗ ಮುಗದಿರತೈತಿ. ಹಿಂಗ ಆಗೂದು ಯಾರದೋ ದುಷ್ಟತನದಿಂದ ಅಂತ ನಾ ಅನ್ನೂದಿಲ್ಲ, ಬೆಂಗಳೂರಾಗ ಕುಂತು ನಿಯಮ ಮಾಡಿದವ್ರು ಮಣ್ಣಿನ ಗ್ವಾಡಿ ಹೆಂಗ ಬೀಳತೈತಿ ಅಂತ ನೋಡಿಲ್ಲ ಅಷ್ಟ.

ಅದಕ್ಕ ಮಾಡೂದು ಏನಂದ್ರ, ರಾಡಿ ಬಳಿಯೂಕಿಂತ ಮೊದಲ ಫೋಟೋ ಹೊಡೀರಿ, ಮನಿ ನಂಬರ್ ಕಾಣೂ ಹಂಗ, ಮನಿ ಮಂದಿ ನಿಂತಿರೂ ಹಂಗ. ಪಂಚನಾಮೆ ಮಾಡೂವಾಗ ಏನ್ ಬರದಾರ ಅಂತ ಓದಿಸಿ ಕೇಳ್ರಿ, ಓದದ ಸಹಿ ಮಾಡಬ್ಯಾಡ್ರಿ, ಪ್ರತಿ ಕೇಳ್ರಿ. ಮುಂದ ಹಾನಿ ಹೆಚ್ಚಾದ್ರ ಅವತ್ತ ತಹಸೀಲ್ದಾರ್‌ಗೆ ಮರು ಸರ್ವೇ ಅರ್ಜಿ ಕೊಟ್ಟು ಸ್ವೀಕೃತಿ ಸಿಕ್ಕಾ ಹಾಕಿಸ್ಕೊರಿ. ಮನಿ ಉತಾರ ಇನ್ನೂ ಅಜ್ಜನ ಹೆಸರಿಲೆ ಇದ್ರ ಇವತ್ತ ವಾರಸಾ ಮಾಡಸಾಕ ಹಾಕ್ರಿ. ಹೊಳಿ ಬಂದ ಮ್ಯಾಲ ವಾರಸಾ ಮಾಡಸಾಕ ಓಡಾಡಿದವ್ರನ್ನ ನೋಡೀನಿ, ಮನಿ ಬಿದ್ದ ದುಃಖಕ್ಕಿಂತ ಆ ಓಡಾಟದ ದುಃಖ ದೊಡ್ಡದಿತ್ತು ಅವ್ರಿಗೆ.

ಪಟ್ಟಿ ಅನ್ನೋದು ಎಷ್ಟು ವರ್ಷ ಕಾಡತೈತಿ ಅನ್ನೋದಕ್ಕ ಇನ್ನೊಂದು ಹೇಳ್ತೀನಿ. ದೇವದಾಸಿ ಪದ್ಧತಿ ನಿಲ್ಲಿಸೋ ಕಾಯ್ದೆ ನಮ್ಮ ರಾಜ್ಯದಾಗ 1982ರಾಗ ಬಂತು. ಒಳ್ಳೇ ಕಾಯ್ದೆ, ಬೇಕಾಗಿದ್ದೇ ಕಾಯ್ದೆ. ಪಿಂಚಣಿ, ಮನಿ, ಸಾಲ ಇಂಥ ಸವಲತ್ತು ಕೊಡೂವಾಗ ಹಿಡಿದದ್ದು 1993-94ರ ಸರ್ವೇ, ಆಮ್ಯಾಲ 2007-08ರ ಸರ್ವೇ. ಆ ಟೈಮಿಗೆ ದುಡಿಯಾಕ ಬ್ಯಾರೆ ಊರಿಗೆ ಹೋದಾಕಿ, ನಾಚಿಕಿಗೆ ಹೆಸರು ಹೇಳದಾಕಿ, ಬರಿಯೂವ್ರು ಓಣಿಗೆ ಬರದ ಹೋದಾಕಿ, ಇವರೆಲ್ಲಾ ಪಟ್ಟಿಯಿಂದ ಹೊರಗ ಉಳಿದ್ರು, ಪಟ್ಟಿಯಾಗ ಇಲ್ಲ ಅಂದ್ರ ಸರ್ಕಾರದ ಲೆಕ್ಕದಾಗ ಆ ಹೆಣ್ಮಗಳ ಬದುಕೇ ಇಲ್ಲ. ಸರ್ವೇಕ್ಕ ಮಂದಿ ಬರ್ತಾರ ಅಂತ ಗೊತ್ತಾದ್ರ ಊರಾಗ ಡಂಗುರ ಹೊಡಿಸ್ರಿ, ಪುಣೆ ಕಡೆ, ಗೋವಾ ಕಡೆ ದುಡಿಯಾಕ ಹೋದವ್ರಿಗೆ ಫೋನ್ ಮಾಡ್ರಿ. ಅದು ಅವ್ರವ್ರ ಪಾಡು ಅಂತ ಬಿಡಬ್ಯಾಡ್ರಿ.

ಹೊಲ ತಗೊಳ್ಳಾಕ ಬಂದ್ರ

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರ ಸರ್ಕಾರದ ಶಕ್ತಿ ಪೂರ್ತಿ ಕಾಣೂದು ಇಲ್ಲೇ, ಹೆಚ್ಚು ಮಂದಿ ಸೋಲೂದೂ ಇಲ್ಲೇ.

ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅವ್ರು ಅಡಿಗಲ್ಲು ಹಾಕಿದ್ದು 1964ರಾಗ. ಉದ್ಘಾಟನೆ ಆಗಿದ್ದು 2006ರಾಗ, ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದಿದ್ರು. ಎರಡರ ನಡಕ ಒಂದು ಪೂರಾ ಪೀಳಿಗಿ ಹೋತು. ಮುಂದ 2010ರಾಗ, ರಾಜ್ಯ ರಾಜ್ಯಗಳ ನಡಕ ನೀರು ಹಂಚೂ ಕೃಷ್ಣಾ ಎರಡನೇ ನ್ಯಾಯಮಂಡಳಿ ನೀರಿನ ಮಟ್ಟ 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಸಾಕ ಒಪ್ಪಿತು. ಆಮ್ಯಾಲ ಕೇಸು, ಗೆಜೆಟ್ ಅಧಿಸೂಚನೆ ಇಲ್ಲ, ಮಹಾರಾಷ್ಟ್ರದವ್ರು ಸಾಂಗ್ಲಿ ಕೊಲ್ಹಾಪುರಕ್ಕ ನೀರು ನುಗ್ಗತೈತಿ ಅಂತ ತಕರಾರು. ಇಷ್ಟು ವರ್ಷ ಆ ಮಟ್ಟದೊಳಗ ಬರೋ ಊರಿನವ್ರ ಗತಿ ಏನ್ ಆತು? ಮುಳಗೂದೈತಿ ಅಂತ ಗೊತ್ತಿದ್ದ ಹೊಲಕ್ಕ ಯಾರು ಬೋರ್ ಹೊಡಸ್ತಾರ, ಮನಿಗೆ ಯಾರು ಸ್ಲ್ಯಾಬ್ ಹಾಕ್ತಾರ, ಹೆಣ್ಣು ಕೊಡೂವ್ರು ಸುದ್ದಾ ಯೋಚನಿ ಮಾಡ್ತಾರ. ತಡಾ ಮಾಡೂದೂ ಒಂದು ಸರ್ಕಾರಿ ನೀತಿನ, ಅದರ ಖರ್ಚು ಯಾವ ಬಜೆಟ್ಟಿನ್ಯಾಗೂ ಬರೂದಿಲ್ಲ, ಮುಳುಗಡೆ ಊರಿನವ್ರ ಮ್ಯಾಲ ಬರತೈತಿ. 2025ರ ಸೆಪ್ಟೆಂಬರ್‌ನ್ಯಾಗ ರಾಜ್ಯ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ ಎಕರೆಕ್ಕ ನೀರಾವರಿಗೆ 40 ಲಕ್ಷ, ಒಣ ಬೇಸಾಯಕ್ಕ 30 ಲಕ್ಷ ಅಂತ ಠರಸಿತು. ಹಂಗಂದ್ರ ಈಗ ‘ನಿಮ್ಮ ಹೊಲ ನೀರಾವರಿನೋ ಒಣ ಹೊಲನೋ’ ಅನ್ನೋ ಒಂದು ಕಾಲಂಗೆ ಎಕರೆಕ್ಕ 10 ಲಕ್ಷದ ಬೆಲಿ ಬಂತು. ಉತಾರ ತಗದು ನೋಡ್ರಿ, ಬಾವಿ, ಬೋರ್, ಪೈಪ್‌ಲೈನ್ ಇದ್ದೂ ಉತಾರದಾಗ ಖುಷ್ಕಿ ಅಂತ ಇದ್ರ ತಿದ್ದುಪಡಿಗೆ ಹಾಕ್ರಿ, ಕರೆಂಟ್ ಬಿಲ್ಲು, ಬೆಳೆ ಸಮೀಕ್ಷೆ, ಏನ್ ಸಾಕ್ಷಿ ಐತಿ ಅದನ್ನ ಜೋಡಿಸಿ.

ಈಗ ಹಂತ ಹಂತವಾಗಿ. ಮೊದಲ ಕೇಳೂದು, ಯಾವ ಕಾಯ್ದೆ ಕೆಳಗ ತಗೋತೀರಿ ಅಂತ. ಇದನ್ನ ಕೇಳದನ ಚರ್ಚಾ ಮಾಡೂದು ದಂಡ. 2013ರ ಭೂಸ್ವಾಧೀನ ಕಾಯ್ದೆ ಕೆಳಗ ಆದ್ರ ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗ ಆಕ್ಷೇಪಣೆ ಕೊಡಬೇಕು. ನ್ಯಾಷನಲ್ ಹೈವೇ ಕಾಯ್ದೆ ಕೆಳಗ ಆದ್ರ ಬರೇ 21 ದಿನ. ಕೈಗಾರಿಕಾ ಪ್ರದೇಶಕ್ಕ ಅಂತ ಕೆಐಎಡಿಬಿ ಅನ್ನೋ ಸರ್ಕಾರಿ ಮಂಡಳಿ ತಗೊಂಡ್ರ ಅದರದ್ದ ಬ್ಯಾರೆ ಕಾಯ್ದೆ, ನೋಟೀಸ್ ಕೈಗೆ ಬಂದ 30 ದಿನ. ಪಕ್ಕದ ಊರಿನವ್ರಿಗೆ 60 ದಿನ ಇತ್ತಂತ ನೀವು ಕುಂತ್ರ 21ನೇ ದಿನಕ್ಕ ಆಟ ಮುಗದಿರತೈತಿ. ಖಾಸಗಿ ಕಂಪನಿ ಸಲುವಾಗಿ 2013ರ ಕಾಯ್ದೆ ಕೆಳಗ ತಗೊಳ್ಳೂದಾದ್ರ 80ರಷ್ಟು ಕುಟುಂಬದವ್ರ ಒಪ್ಪಿಗಿ ಬೇಕು, ಸರ್ಕಾರ-ಖಾಸಗಿ ಪಾಲುದಾರಿಕೆ ಆದ್ರ 70, ಡ್ಯಾಮು ಕಾಲುವೆ ಥರ ಸರ್ಕಾರದ್ದ ಕೆಲಸಕ್ಕ ಆ ಒಪ್ಪಿಗಿ ಬೇಕಾಗೂದಿಲ್ಲ. ‘ಎಲ್ಲಾರೂ ಒಪ್ಯಾರ, ನೀವೊಬ್ಬರ ಉಳದೀರಿ’ ಅಂತ ಹೇಳಿದ್ರ ಒಪ್ಪಿಗಿ ಪತ್ರದ ಪಟ್ಟಿ ತೋರಸ್ರಿ ಅನ್ರಿ. ಇದ ಮಾತನ್ನ ಓಣಿಯೊಳಗ ಹತ್ತು ಮನಿಗೂ ಹೇಳಿರ್ತಾರ.

ಜಂಟಿ ಅಳತೆಗೆ ಬಂದ ದಿನ ಎಲ್ಲೂ ಹೋಗಬ್ಯಾಡ್ರಿ, ಮದುವಿ ಇದ್ರೂ ಮನಿಯಾಗಿನ ಒಬ್ಬರರ ಹೊಲದಾಗ ಇರ್ರಿ. ಗಿಡ, ಬಾವಿ, ಪೈಪ್‌ಲೈನ್, ಕೊಟ್ಟಗಿ, ಒಡ್ಡು ಎಲ್ಲಾ ಅವತ್ತಿನ ಕಾಗದದಾಗ ಬರಬೇಕು, ಬರಲಿಲ್ಲ ಅಂದ್ರ ಪರಿಹಾರದಾಗೂ ಬರೂದಿಲ್ಲ.

ರೇಟಿನ ವಿಷಯ. 2013ರ ಕಾಯ್ದೆ ಪ್ರಕಾರ ಸರ್ಕಾರಿ ಮಾರ್ಗಸೂಚಿ ದರ ಒಂದು ಕಡೆ ಇಡ್ತಾರ, ಸುತ್ತಮುತ್ತ ಹಿಂದಿನ ಮೂರು ವರ್ಷದಾಗ ಆದ ಖರೀದಿ ಪತ್ರದೊಳಗ ಹೆಚ್ಚಿನ ಬೆಲಿ ಇರೋ ಅರ್ಧದಷ್ಟು ಪತ್ರದ ಸರಾಸರಿ ಇನ್ನೊಂದು ಕಡೆ, ಯಾವುದು ಹೆಚ್ಚೋ ಅದನ್ನ ಹಿಡೀತಾರ. ಹಳ್ಳಿ ಆದ್ರ ಪ್ಯಾಟಿಯಿಂದ ದೂರ ನೋಡಿ 1ರಿಂದ 2ರ ತನಕ ಗುಣಿಸ್ತಾರ, ಗಿಡ ಮನಿ ಬೆಲಿ ಕೂಡಸ್ತಾರ, ಬಂದ ಮೊತ್ತಕ್ಕ ಮತ್ತ ಅಷ್ಟ ರೊಕ್ಕ, ನೂರಕ್ಕ ನೂರು, ಸೊಲೇಷಿಯಂ ಅಂತ ಹಾಕ್ತಾರ. ಕೇಳಾಕ ಭಾಳ ಛಲೋ ಐತಿ. ಆದ್ರ ನಮ್ಮ ಕಡೆ ಸ್ಟ್ಯಾಂಪ್ ಡ್ಯೂಟಿ ಉಳಸಾಕ ಹತ್ತು ಲಕ್ಷದ ವ್ಯವಹಾರಕ್ಕ ಮೂರು ಲಕ್ಷ ಅಂತ ಖರೀದಿ ಪತ್ರದಾಗ ಬರಸ್ತಾರ, ಊರಿಗೆ ಊರೇ ಹಂಗ ಬರಸಿರತೈತಿ, ನಾಳೆ ಸರ್ಕಾರ ಬಂದಾಗ ಅದೇ ಮೂರು ಲಕ್ಷದ ಪತ್ರಗಳನ್ನ ಗುಡ್ಡಿ ಹಾಕಿ ಸರಾಸರಿ ತಗೀತಾರ. ಅಲ್ಲಿ ಸರ್ಕಾರನ್ನ ಬಯ್ದ್ರ ಏನ್ ಉಪಯೋಗ.

ಕಡೀ ಹಂತ ಅವಾರ್ಡ್, ಅಂದ್ರ ಪರಿಹಾರ ಇಷ್ಟು ಅಂತ ಠರಸಿದ ಆದೇಶ. ಇದನ್ನ ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಹಚ್ಚ್ರಿ: ರೊಕ್ಕ ತಗೊಳ್ಳೂವಾಗ ‘ಪ್ರತಿಭಟನೆಯೊಂದಿಗೆ ಪಡೆದಿರುತ್ತೇನೆ’ ಅಂತ ಬರೀರಿ. ಹಂಗ ಬರೀದ ತಗೊಂಡ್ರ 2013ರ ಕಾಯ್ದೆ ಪ್ರಕಾರ ಹೆಚ್ಚಿನ ಪರಿಹಾರ ಕೇಳೋ ಹಕ್ಕು ಹೋಗತೈತಿ. ಬರದು ತಗೊಂಡ್ರ ಅವಾರ್ಡ್ ಆಗೂವಾಗ ನೀವು ಎದುರಿಗೆ ಇದ್ರ 6 ವಾರದೊಳಗ ಪ್ರಾಧಿಕಾರಕ್ಕ ಕಳಸ್ರಿ ಅಂತ ಅರ್ಜಿ ಕೊಡಬೇಕು, ಎದುರಿಗೆ ಇಲ್ಲದವ್ರಿಗೆ ಲೆಕ್ಕ ಬ್ಯಾರೆ ಐತಿ, ಆದ್ರ ಎಲ್ಲಾರೂ 6 ವಾರ ಅಂತನ ತಿಳ್ಕೊಂಡು ನಡೀರಿ, ಲಗೂ ಕೊಟ್ರ ನಷ್ಟ ಇಲ್ಲ. ಒಪ್ಪಂದದ ಅವಾರ್ಡ್ ಅಂತ ಸಹಿ ತಗೊಂಡ್ರ ಅದು ಬ್ಯಾರೆನ, ಸಾಮಾನ್ಯವಾಗಿ ಮುಂದ ಕೋರ್ಟಿಗೆ ಹೋಗೂ ದಾರಿ ಬಂದ್ ಆಗತೈತಿ. ರೇಟು ಮನಸಿಗೆ ಬಂದ್ರ ಒಪ್ಪಂದ ಛಲೋನ, ವರ್ಷಗಟ್ಟಲೆ ವಕೀಲರ ಹಿಂದ ಅಡ್ಡಾಡೂದು ತಪ್ಪತೈತಿ, ಆದ್ರ ಏನ್ ಬಿಟ್ಟು ಕೊಡಾಕತ್ತೀವಿ ಅಂತ ಗೊತ್ತಿದ್ದು ಸಹಿ ಮಾಡ್ರಿ. ಈ ಒಂದು ವಿಷಯಕ್ಕ ಮಾತ್ರ ವಕೀಲರ ಫೀ ಕೊಡೂದು ದಂಡ ಅಲ್ಲ.

ಒಬ್ಬರಿಗೆ ಬಂದದ್ದು ಯಾರ ಕಿಸೇದಿಂದ

2023ರ ಜೂನ್ 11ಕ್ಕ ಹೆಣ್ಮಕ್ಕಳಿಗೆ ಪುಕ್ಕಟ್ಟೆ ಬಸ್ಸಿನ ಶಕ್ತಿ ಯೋಜನೆ ಸುರು ಆತು. ಸವದತ್ತಿ ಎಲ್ಲವ್ವನ ಗುಡ್ಡಕ್ಕ, ಬದಾಮಿ ಬನಶಂಕರಿಗೆ ಜನ್ಮದಾಗ ಒಬ್ಬಾಕೆ ಹೋಗದಾಕಿನೂ ಹೋಗಿ ಬಂದಾಳ, ಗಾರ್ಮೆಂಟಿಗೆ ದುಡಿಯಾಕ ಹೋಗಾಕಿಗೆ ತಿಂಗಳ ಬಸ್ ಚಾರ್ಜ್ ಪೂರಾ ಉಳದೈತಿ. ಇದನ್ನ ಹಗುರ ಮಾತಾಡೂವ್ರ ಜೋಡಿ ನಾ ಇಲ್ಲ. ಆದ್ರ ಲೆಕ್ಕದ ಆ ಕಡೆನೂ ನೋಡ್ರಿ, ಕಾಲೇಜ್ ಹುಡುಗ್ರು ಬಾಗಲದಾಗ ಜೋತು ಬಿದ್ದು ಹೋಗ್ತಾರ, ಮ್ಯಾಕ್ಸಿಕ್ಯಾಬ್, ಟಂಟಂ ಹೊಡಿಯೂವ್ರ ದುಡಿಮಿ ಕಮ್ಮಿ ಆತು, ಝೀರೋ ಟಿಕೆಟಿನ ರೊಕ್ಕ ಸರ್ಕಾರ ನಿಗಮಕ್ಕ ಟೈಮಿಗೆ ಕೊಡದಿದ್ರ ಹೊಸ ಬಸ್ ಬರೂದಿಲ್ಲ. ಯೋಜನೆ ತಪ್ಪು ಅಂತ ಅಲ್ಲ ಇದರ ಅರ್ಥ, ಬಸ್ ಹೆಚ್ಚು ಮಾಡ್ರಿ ಅಂತ ಕೇಳಬೇಕು ಅಂತ. ಎಲ್ಲಿ ಕೇಳೂದು? ಬೆಳಗಾವಿ, ಬಾಗಲಕೋಟಿ ಬಸ್ಸು ಹುಬ್ಬಳ್ಳಿಯ ವಾಯವ್ಯ ಸಾರಿಗೆಗೆ ಸೇರಿದ್ದು, ವಿಜಯಪುರ ಬಸ್ಸು ಕಲಬುರ್ಗಿಯ ಕಲ್ಯಾಣ ಕರ್ನಾಟಕ ಸಾರಿಗೆಗೆ. ವಿಜಯಪುರದಿಂದ ಹುಬ್ಬಳ್ಳಿಗೆ ಪತ್ರ ಬರದ್ರ ಉತ್ತರ ಬರೂದಿಲ್ಲ.

ಇನ್ನೂ ಸೂಕ್ಷ್ಮ ಇರೋದು ನೇಕಾರರ ವಿಷಯ. ಕೆಲವು ಜಾತಿಯ ಸೀರಿ, ಬಟ್ಟಿ ಕೈಮಗ್ಗದಾಗ ಮಾತ್ರ ನೇಯಬೇಕು ಅಂತ 1985ರಾಗ ಕೇಂದ್ರದ ಕಾಯ್ದೆ ಬಂತು. ಇಳಕಲ್ಲಿನ, ಗುಳೇದಗುಡ್ಡದ ಕೈಮಗ್ಗದವ್ರಿಗೆ ಅದು ಆಸರಾ. ಅದ ಜಿಲ್ಲೆಯ ರಬಕವಿ-ಬನಹಟ್ಟಿಯೊಳಗ ವಿದ್ಯುತ್ ಮಗ್ಗದ ಮ್ಯಾಲ ಸಾವಿರಾರು ಮನಿ ನಡೀತಾವ, ಕಾಯ್ದೆ ಬಿಗಿ ಮಾಡಿದ್ರ ಅವ್ರ ಒಲಿ ಆರತೈತಿ, ಸಡಲ ಬಿಟ್ರ ಇವ್ರದು. ಎರಡೂ ಕಡೆ ಇರೋರು ಬಡವರ. ಇಂಥಾದ್ರಾಗ ‘ಸರ್ಕಾರ ನೇಕಾರರ ಪರ’ ಅಂತ ಯಾರರ ಹೇಳಿದ್ರ ಯಾವ ನೇಕಾರ ಅಂತ ಕೇಳೂದು ಬಿಟ್ಟು ಬ್ಯಾರೆ ದಾರಿ ಇಲ್ಲ.

ನೀರು ಮತ್ತ ಕರೆಂಟು. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಪುಕ್ಕಟ್ಟೆ ಕರೆಂಟ್, ಜೊತಿಗೆ ಕಾಲುವೆ ನೀರು, ಕೈಯಾಗ ಕಬ್ಬು. ಕರಿಮಣ್ಣಿನ ಹೊಲಕ್ಕ ವರ್ಷಾನುಗಟ್ಟಲೆ ಹರಿ ನೀರು ಬಿಟ್ಟು ಬಿಟ್ಟು ಎಷ್ಟೋ ಜಮೀನು ಸವಳು-ಜವಳು ಆಗಿ ಉಪ್ಪು ಮ್ಯಾಲ ಬಂದು ಬೆಳ್ಳಗ ಆಗ್ಯಾವ. ಅದೇ ಟೈಮಿಗೆ ಕಾಲುವೆ ತುದಿಯಾಗಿನ ರೈತ ಒಂದು ಪಾಳಿ ನೀರಿಗೆ ಕಾಯ್ತಾನ. ಪುಕ್ಕಟ್ಟೆ ಕರೆಂಟ್ ತಗೀರಿ ಅಂತ ಹೇಳೋ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ನನಗೂ ಇಲ್ಲ, ಆದ್ರ ಬಸಿಗಾಲುವೆಗೆ, ಡ್ರಿಪ್ ಸಬ್ಸಿಡಿಗೆ ರೊಕ್ಕ ಎಲ್ಲಿ ಐತಿ ಅಂತರ ಕೇಳಬೇಕು.

ರಿಬ್ಬನ್ ಕತ್ತರಿಸಿದ ಮ್ಯಾಲ ಏನಾತು

2009ರ ಅಕ್ಟೋಬರ್ ಪ್ರವಾಹದ ಮ್ಯಾಲ ‘ಆಸರೆ’ ಅಂತ ನವಗ್ರಾಮ ಕಟ್ಟಿದ್ರು, ದಾನಿಗಳೂ ರೊಕ್ಕ ಕೊಟ್ರು, ಉದ್ದೇಶ ಒಳ್ಳೇದಿತ್ತು. ಎಷ್ಟೋ ಕಡೆ ಆ ಮನಿಗಳಾಗ ಜಾಲಿ ಬೆಳೀತು. ಹೊಲ ದೂರ, ದನಾ ಕಟ್ಟಾಕ ಜಾಗ ಇಲ್ಲ, ಹೊಟ್ಟು ಮೇವು ಎಲ್ಲಿ ಇಡೂದು, ಅಣ್ಣ ತಮ್ಮರಿಗೆ ಕೂಡಿ ಒಂದೇ ಮನಿ. ಮಂದಿ ಮತ್ತ ಹೊಳಿ ದಂಡಿಗೇ ಬಂದ್ರು, 2019ರಾಗ ಮತ್ತ ನೀರು ಬಂತು. ಕಟ್ಟೂಕಿಂತ ಮೊದಲ ನಾಕ ಮಂದಿ ಹೆಣ್ಮಕ್ಕಳನ್ನ ಕರದು ‘ನಿಮ್ಮ ಎಮ್ಮಿ ಎಲ್ಲಿ ಕಟ್ತೀರವ್ವಾ’ ಅಂತ ಕೇಳಿದ್ರ ಸಾಕಾಗಿತ್ತು. ಹಿಂಗಾಗಿ ಯೋಜನೆ ನಕ್ಷೆ ತೋರಸಾಕ ಬಂದಾಗ ‘ಹೂಂ’ ಅನ್ನಬ್ಯಾಡ್ರಿ, ದನಾ ಎಲ್ಲಿ, ಹೆಣಾ ಸುಡೂ ಜಾಗ ಎಲ್ಲಿ, ಸಾಲಿ ಎಷ್ಟು ದೂರ, ಹೊಲಕ್ಕ ಬಂಡಿ ದಾರಿ ಯಾವುದು, ಇವು ನಾಕ ಪ್ರಶ್ನಿ ಕೇಳ್ರಿ.

ಬಾಯಿ ಬಿಡೂ ಜಾಗಗಳು

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆ ಆದ್ರೂ ಕರೀಬೇಕು ಅಂತ ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳತೈತಿ. ಅಲ್ಲಿ ಒದರಾಡೂದಕ್ಕಿಂತ ಠರಾವು ಬರಸೂದು ದೊಡ್ಡದು. ನಿಮ್ಮ ಮಾತು ಠರಾವು ಪುಸ್ತಕದಾಗ ಬಂತೋ ಇಲ್ಲೋ, ಮುಂದಿನ ವಾರ ಹೋಗಿ ನಕಲು ತಗೊರಿ. ಪುಸ್ತಕದಾಗ ಇಲ್ಲದ್ದು ನಡದೇ ಇಲ್ಲ.

ಜಾತಿ ಸರ್ಟಿಫಿಕೇಟ್, ಪಿಂಚಣಿ, ಉತಾರ ಬದಲಾವಣೆ ಇಂಥಾವು ಇಷ್ಟು ದಿನದೊಳಗ ಮಾಡಿ ಕೊಡಬೇಕು ಅನ್ನೋ ‘ಸಕಾಲ’ ಯೋಜನೆಯೊಳಗ ಬರತಾವ, 2012ರಿಂದ ಜಾರಿಯೊಳಗ ಐತಿ. ಅರ್ಜಿ ಕೊಟ್ಟಾಗ 15 ಅಂಕಿಯ ನಂಬರ್ ಇರೋ ಸ್ವೀಕೃತಿ ಕೇಳ್ರಿ, ಅದು ಇಲ್ಲಾಂದ್ರ ನಿಮ್ಮ ಅರ್ಜಿ ಟೇಬಲ್ ಮ್ಯಾಲಿನ ಕಾಗದ ಅಷ್ಟ. ದಿನಾ ಮೀರಿದ್ರ ದಿನಕ್ಕ 20 ರೂಪಾಯಿ, ಹೆಚ್ಚಂದ್ರ 500 ಪರಿಹಾರ. ರೊಕ್ಕ ಸಣ್ಣದು, ಆದ್ರ ಮೇಲ್ಮನವಿ ಹಾಕೀನಿ ಅಂದ ಕೂಡ್ಲೇ ಫೈಲಿಗೆ ಕಾಲು ಬರತಾವ.

ಬೆಳಗಾವಿ ಅಧಿವೇಶನ. ಸುವರ್ಣಸೌಧ 2012ರಾಗ ಉದ್ಘಾಟನೆ ಆತು, ವರ್ಷಕ್ಕ ಒಮ್ಮೆ ಸರ್ಕಾರನ ನಮ್ಮ ಬಾಗಲಿಗೆ ಬರತೈತಿ. ಟೆಂಟ್ ಹಾಕಿ ಕುಂಡ್ರೂದು ಕುಂಡ್ರ್ರಿ, ಅದರ ಜೋಡಿ ಒಂದು ತಿಂಗಳ ಮೊದಲ ನಿಮ್ಮ ಶಾಸಕರ ಕಡೆ ಪ್ರಶ್ನಿ ಬರದು ಕೊಡ್ರಿ, ಆಡಳಿತ ಪಕ್ಷದವ್ರಿಗೂ, ವಿರೋಧ ಪಕ್ಷದವ್ರಿಗೂ. ಸದನದಾಗ ಕೇಳಿದ ಪ್ರಶ್ನಿಗೆ ಮಂತ್ರಿ ಲಿಖಿತ ಉತ್ತರ ಕೊಡ್ತಾರ, ಆ ಉತ್ತರ ಮುಂದ ನಿಮಗ ಸಾಕ್ಷಿ ಆಗತೈತಿ. ಅಧಿವೇಶನ ಸುರು ಆದ ಮ್ಯಾಲ ಮನವಿ ಕೊಟ್ರ ಫೋಟೋ ಅಷ್ಟ ಸಿಗತೈತಿ.

ಇನ್ನ ಮಾಹಿತಿ ಹಕ್ಕು. ನಮೂನೆ ಎ, 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಇದ್ರ ಕಾರ್ಡ್ ಝೆರಾಕ್ಸ್ ಹಚ್ಚಿದ್ರ ಆ 10 ರೂಪಾಯಿನೂ ಇಲ್ಲ. ನಮ್ಮ ರಾಜ್ಯದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗ, ಇದನ್ನ ಮರೀಬ್ಯಾಡ್ರಿ, ಊರಿನ ಎಲ್ಲಾ ಸಿಟ್ಟು ಒಂದೇ ಅರ್ಜಿಯೊಳಗ ತುಂಬಿದ್ರ ಅದನ್ನೇ ನೆಪ ಮಾಡಿ ವಾಪಸ್ ಕಳಸ್ತಾರ. ‘ಯಾಕ ಕೊಟ್ಟಿಲ್ಲ’ ಅಂತ ಜಗಳದ ಪ್ರಶ್ನಿ ಹಾಕಬ್ಯಾಡ್ರಿ, ಕಾಗದ ಕೇಳ್ರಿ. ಹಿಂಗ ಬರೀರಿ:

‘ನಮ್ಮ ಗ್ರಾಮದ ನೆರೆ ಮನೆ ಹಾನಿ ಫಲಾನುಭವಿಗಳ ಅಂತಿಮ ಪಟ್ಟಿ, ಸಮೀಕ್ಷಾ ತಂಡದ ಪಂಚನಾಮೆಯ ಪ್ರತಿ, ಹಾಗೂ ವರ್ಗೀಕರಣದ ಮಾನದಂಡ ತಿಳಿಸುವ ಸರ್ಕಾರಿ ಆದೇಶದ ಪ್ರತಿಯನ್ನು ದೃಢೀಕರಿಸಿ ಒದಗಿಸಬೇಕಾಗಿ ಕೋರುತ್ತೇನೆ.’

ಅಷ್ಟ ಸಾಕು. ಪಂಚಾಯ್ತಿಯೊಳಗ ಇದನ್ನ ತಗೊಳ್ಳೂ ಅಧಿಕಾರಿ ಪಿಡಿಓನ. ತಪ್ಪು ಇಲಾಖೆಗೆ ಹಾಕಿದ್ರ ಅವ್ರೇ 5 ದಿನದೊಳಗ ಸರಿಯಾದ ಕಡೆ ಕಳಸಬೇಕು, ‘ನಮ್ಮದಲ್ಲ’ ಅಂತ ಕೈ ತೊಳ್ಕೊಳ್ಳಾಕ ಬರೂದಿಲ್ಲ. 30 ದಿನದಾಗ ಉತ್ತರ ಬರಲಿಲ್ಲ, ಇಲ್ಲಾ ಅರ್ಧಂಬರ್ಧ ಬಂತು ಅಂದ್ರ 30 ದಿನದೊಳಗ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲನೇ ಮೇಲ್ಮನವಿ, ಅಲ್ಲೂ ಆಗಲಿಲ್ಲ ಅಂದ್ರ 90 ದಿನದೊಳಗ ಮಾಹಿತಿ ಆಯೋಗಕ್ಕ ಎರಡನೇದು. ಆಯೋಗದ ಪೀಠ ಬೆಳಗಾವಿಯೊಳಗೂ ಐತಿ, ಬೆಂಗಳೂರಿಗೆ ರಾತ್ರಿ ಬಸ್ ಹತ್ತೂ ಕಾರಣ ಇಲ್ಲ. ಸ್ಪೀಡ್ ಪೋಸ್ಟ್ ರಸೀದಿ ಮೂರೂ ಹಂತದ್ದು ಒಂದೇ ಫೈಲಿನ್ಯಾಗ ಇಡ್ರಿ, ಶಾಯಿ ಹಾರತೈತಿ, ಬಂದ ದಿನನ ಝೆರಾಕ್ಸ್ ತಗದಿಡ್ರಿ.